ಎಪ್ಪತ್ತೈದು ಕೊಡುವ ಮೂರ್ಖ

ರಾಮನಗರದಲ್ಲಿ ರೇಷ್ಮೆ ನೂಲು ಅಡವಿಟ್ಟುಕೊಂಡು ಸಾಲ ಕೊಡುವವರು ಇನ್ನೂ ನಾಲ್ಕಾರು ಜನ ಇದ್ದಾರೆ. ಆದರೆ ಕರೀಮುನ್ನೀಸಾಳ ಮುಂದೆ ಅವರೆಲ್ಲ ದಾನಶೂರರು. ಗೂಡಿನಿಂದ ನೂಲು ತೆಗೆಯುವ ರೀಲರ್ ತಂದದ್ದನ್ನು ಆಕೆ ನೇರವಾಗಿ ತಕ್ಕಡಿಗೆ ಹಾಕಿದ ದಿನವೇ ಇಲ್ಲ. ತೂಕ ಹೆಚ್ಚಲಿ ಅಂತ ನೀರು ಚಿಮುಕಿಸಿ ತರುವ ಚಾಲಾಕಿಗಳು ಊರ ತುಂಬ ಇರುವಾಗ ಹಾಗೆ ಹಾಕಲು ಆಕೆಗೇನು ಹುಚ್ಚೇ? ಮೊದಲು ನೂಲನ್ನು ಮಹಡಿಯ ಬಿಸಿಲಿನಲ್ಲಿ ಎರಡು ಗಂಟೆ ಹರಡಬೇಕು. ಅದು ಆರುವವರೆಗೆ ಸಾಲ ಕೇಳಲು ಬಂದವನು ಮೆಟ್ಟಿಲ ಮೇಲೆ ಕೂತು ಬಾಯಿ ಆರಿಸಿಕೊಳ್ಳಬೇಕು. ಆಮೇಲೆ ತೂಕ, ಆಮೇಲೆ ಅವತ್ತಿನ ಬೆಲೆ, ಆಮೇಲೆ ಮಾಲಿನ ಬೆಲೆಯಲ್ಲಿ ನೂರಕ್ಕೆ ಅರವತ್ತು ಸಾಲ. ಅರವತ್ತೊಂದು ಕೇಳಿದವನಿಗೆ ಬಾಗಿಲು ತೋರಿಸುತ್ತಿದ್ದಳು. ಗಂಡ ಹುಸೇನ್ ತೀರಿಕೊಂಡ ಮೇಲಿನ ಇಪ್ಪತ್ತು ವರ್ಷವೂ ಇದೇ ಲೆಕ್ಕ.

ಒಂದೇ ಒಂದು ಸಲ ಎಡವಿದ್ದಳು. ಅದೇ ಓಣಿಯ ರೀಲರ್ ಸಾಬೀರ್, ಹಬ್ಬದ ಹಿಂದಿನ ದಿನ ಬಂದು, ಅತ್ತು ಕರೆದು, ನೂರಕ್ಕೆ ಎಪ್ಪತ್ತೈದು ಕಿತ್ತುಕೊಂಡು ಹೋದ. ಮುಂದಿನ ವಾರಕ್ಕೇ ನೂಲಿನ ಬೆಲೆ ಬಿತ್ತು. ಸಾಬೀರ್ ಫೋನ್ ಎತ್ತುವುದನ್ನೇ ಬಿಟ್ಟ. ಮನೆಗೆ ಹೋದರೆ ಹೆಂಡತಿ ಅತಿಯಾ ಬಾಗಿಲಿಗೆ ಅಡ್ಡ ನಿಂತು, "ಅವ್ರು ಮಾಗಡಿಗೆ ಹೋಗವ್ರೆ ಖಾಲಾ, ಬಂದ್ಮೇಲೆ ಹೇಳ್ತೀನಿ, ಟೀ ಕುಡ್ಕೊಂಡ್ ಹೋಗಿ" ಅನ್ನುತ್ತಿದ್ದಳು. ಆ ಮನುಷ್ಯ ಎಂಟು ತಿಂಗಳು ಮಾಗಡಿಗೆ ಹೋಗಿಯೇ ಇದ್ದ! ಮಾಲು ಮಾರಿಬಿಡೋಣವೆಂದರೆ ಬಿದ್ದ ಬೆಲೆಗೆ ಅಸಲೂ ಹುಟ್ಟುತ್ತಿರಲಿಲ್ಲ, ಮೇಲಾಗಿ ನೆರೆಯವನ ಅಡ ಮಾರಿ ಓಣಿಯಲ್ಲಿ ಮುಖ ತೋರಿಸುವ ಹಾಗಿರಲಿಲ್ಲ. ಕೊನೆಗೆ ಬಡ್ಡಿ ಬಿಟ್ಟು ಅಸಲು ತೆಗೆದುಕೊಂಡಳು. ಆ ಎಂಟು ತಿಂಗಳಲ್ಲಿ ಆಕೆ ಕಲಿತದ್ದು ಇಷ್ಟೇ: ಅಡದ ಮೇಲೆ ಎಪ್ಪತ್ತೈದು ಕೊಟ್ಟವನು ಹಿಂದೆ ಹಿಂದೆ ಓಡುತ್ತಾನೆ, ತೆಗೆದುಕೊಂಡವನು ಆರಾಮಾಗಿ ಮನೆಯಲ್ಲಿ ಕೂತಿರುತ್ತಾನೆ. ಈ ಪಾಠವೇ ಆಕೆಯನ್ನು ಮುಳುಗಿಸಿತು, ಅದನ್ನೇ ಈಗ ಹೇಳುತ್ತೇನೆ.

ಮಗಳು ನಿಖಾತ್‌ಗೆ ಇಪ್ಪತ್ತೊಂಬತ್ತು. ಹಾರೋಹಳ್ಳಿಯ ಒಂದು ಬಣ್ಣದ ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸ. ಆರು ವರ್ಷದಿಂದ ಸಂಬಳದಲ್ಲಿ ಉಳಿಸಿ ಉಳಿಸಿ ಕ್ರಿಪ್ಟೊ ಕಾಯಿನ್ ಕೊಂಡಿದ್ದಳು. ಹಾಕಿದ್ದು ನಾಲ್ಕು ಲಕ್ಷ, ಈಗ ಹನ್ನೆರಡು ಲಕ್ಷ ಬಾಳುತ್ತಿತ್ತು. ಅವಳ ಕಣ್ಣಿದ್ದದ್ದು ಚನ್ನಪಟ್ಟಣದ ಅಮೀರ್ ಸಾಬರ ಬೊಂಬೆ ಕಾರ್ಖಾನೆಯ ಮೇಲೆ. ಮುದುಕರಿಗೆ ಕಣ್ಣು ಮಂಜಾಗಿ, ಮರ ಕಡೆಯುವ ಮೂರು ಲೇತ್, ಶೆಡ್ಡಿನ ಹತ್ತು ವರ್ಷದ ಕರಾರು, ಹಳೆಯ ಗಿರಾಕಿಗಳು ಎಲ್ಲ ಸೇರಿ ಆರು ಲಕ್ಷಕ್ಕೆ ಬಿಟ್ಟುಕೊಡುತ್ತೇನೆ ಅಂದಿದ್ದರು. ಮಕ್ಕಳು ಬಾಯಿಗಿಟ್ಟರೂ ಏನೂ ಆಗದ ಬಣ್ಣ ಹಾಕಿ ಬೊಂಬೆ ಮಾಡಬೇಕು, ತಾನೇ ಯಜಮಾನಿ ಆಗಬೇಕು ಎಂಬುದು ನಿಖಾತ್‌ಳ ಆಸೆ. ಒಂದು ಲಕ್ಷ ಅಡ್ವಾನ್ಸ್ ಕೊಟ್ಟಾಗಿತ್ತು. ಇನ್ನೊಂದು ಲಕ್ಷ ಬ್ಯಾಂಕಿನಲ್ಲಿತ್ತು. ಬಾಕಿ ನಾಲ್ಕು ಲಕ್ಷ ಇಪ್ಪತ್ತನೇ ತಾರೀಖಿನೊಳಗೆ ಬೇಕಾಗಿತ್ತು. ತಪ್ಪಿದರೆ ಅಡ್ವಾನ್ಸೂ ಇಲ್ಲ, ಲೇತೂ ಇಲ್ಲ. ಹೆದ್ದಾರಿಯ ಹೋಟೆಲಿನವನೊಬ್ಬ ಕಾರು ನಿಲ್ಲಿಸಲು ಆ ಜಾಗ ಬೇಕೆಂದು ಅಮೀರ್ ಸಾಬರ ಗಂಡುಮಕ್ಕಳ ಬೆನ್ನು ಹತ್ತಿದ್ದ.

ಮನೆಯಲ್ಲಿ ಪ್ರೀತಿಗೆ ಉರ್ದು, ದುಡ್ಡಿಗೂ ಜಗಳಕ್ಕೂ ಕನ್ನಡ. ಇದು ಕರೀಮುನ್ನೀಸಾಳ ಪದ್ಧತಿ. ಹೀಗಾಗಿ ಆ ಮನೆಯಲ್ಲಿ ಉರ್ದು ಕಿವಿಗೆ ಬೀಳುತ್ತಿದ್ದದ್ದು ಅಪರೂಪ.

"ಆ ಕಾಯಿನ್ ಮಾರಿಬುಟ್ಟು ತಗೊಳ್ಳೋಕೇನು ರೋಗ?" ಎಂದಳು ಕರೀಮುನ್ನೀಸಾ.

"ಮಾರಿದ್ರೆ ಲಾಭದಾಗೆ ನೂರಕ್ಕೆ ಮೂವತ್ತು ಸರ್ಕಾರಕ್ಕೆ ಕಟ್ಬೇಕು ಅಮ್ಮೀ. ಅಡ ಇಟ್ರೆ ಕಟ್ಟಂಗಿಲ್ಲ. ಒಂದು ಆ್ಯಪ್ ಐತೆ, ಕಾಯಿನ್ ಇಟ್ಕೊಂಡು ಸಾಲ ಕೊಡ್ತದೆ. ಬಡ್ಡಿ ವರ್ಷಕ್ಕೆ ಒಂಬತ್ತು."

ಅಡ ಎಂಬ ಮಾತು ಬಿದ್ದದ್ದೇ ತಡ, ಗೋಡೆಗೆ ಒರಗಿದ್ದ ಕರೀಮುನ್ನೀಸಾ ನೆಟ್ಟಗೆ ಕೂತಳು. "ನೂರಕ್ಕೆ ಎಷ್ಟು ಕೊಡ್ತಾನೆ?"

"ಎಪ್ಪತ್ತೈದರವರೆಗೂ ಕೊಡ್ತದೆ. ಆದ್ರೆ ನಾನು ನಾಲ್ಕೇ ಲಕ್ಷ ತಗೊಳ್ಳೋದು. ನೂರಕ್ಕೆ ಮೂವತ್ಮೂರು ಬೀಳ್ತದೆ."

ಕರೀಮುನ್ನೀಸಾಳಿಗೆ ಕುಡಿಯುತ್ತಿದ್ದ ಟೀ ನೆತ್ತಿಗೇರಿತು. ನಕ್ಕಳು, ಕೆಮ್ಮಿದಳು, ಮತ್ತೆ ನಕ್ಕಳು. "ಎಪ್ಪತ್ತೈದಾ! ಅದೂ ಒಂಬತ್ತಕ್ಕಾ! ಯಾ ಅಲ್ಲಾ, ಅವನಿಗೆ ಬುದ್ಧಿ ಹೇಳೋಕೆ ಹಿಂದೆ ಮುಂದೆ ಯಾರೂ ಇಲ್ವಾ?"

ನಿಖಾತ್ ತಾಳ್ಮೆಯಿಂದ ವಿವರಿಸಿದಳು. ಈ ಕಾಯಿನ್ನಿನ ಬೆಲೆ ನೂಲಿನ ಹಾಗಲ್ಲ, ಒಂದೇ ದಿನದಲ್ಲಿ ನೂರಕ್ಕೆ ಹತ್ತು ಬಿದ್ದದ್ದುಂಟು, ಒಂದೇ ವಾರದಲ್ಲಿ ಮೂವತ್ತು ಬಿದ್ದದ್ದುಂಟು. ಆರು ವರ್ಷದ ಬೆಲೆಯನ್ನೆಲ್ಲ ಗುಡ್ಡೆ ಹಾಕಿ ನೋಡಿದ್ದಳು ಅವಳು. ಬೆಲೆ ಅರ್ಧಕ್ಕೆ ಇಳಿದರೂ ಅಡ ಉಳಿಯಬೇಕು, ಅದಕ್ಕೇ ನಾಲ್ಕು ಲಕ್ಷ. ಸಾಲ ಅನ್ನೋದು ಅಡದ ಬೆಲೆಯಲ್ಲಿ ನೂರಕ್ಕೆ ಎಂಬತ್ತಮೂರು ಮುಟ್ಟಿತೋ, ಆ್ಯಪೇ ಕಾಯಿನ್ನನ್ನು ಮಾರಿ ತನ್ನ ಸಾಲ ವಸೂಲು ಮಾಡಿಕೊಳ್ಳುತ್ತದೆ, ಮೇಲೆ ದಂಡ ಬೇರೆ. ಅದಕ್ಕೆ ಲಿಕ್ವಿಡೇಶನ್ ಅನ್ನುತ್ತಾರೆ.

"ಅವತ್ತೇ ಮಾರ್ತಾನಾ?"

"ಅವತ್ತಲ್ಲ, ಆ ನಿಮಿಷಕ್ಕೇ."

"ಹಂಗಂತ ಹೆದರಿಸ್ತಾರೆ ಕಣೇ. ನನ್ನ ಚೀಟೀಲೂ ಬರೆದೈತೆ, ಎಂಟು ದಿನಕ್ಕೆ ಹರಾಜು ಅಂತ. ಯಾವತ್ತು ಮಾಡಿದೀನಿ ಹೇಳು?" ಕರೀಮುನ್ನೀಸಾ ಮಗಳ ಕೈ ಹಿಡಿದುಕೊಂಡಳು. "ನೋಡು, ಒಂಬತ್ತು ಲಕ್ಷ ಕೊಡ್ತಾನೆ ಅಂದ್ರೆ ಒಂಬತ್ತೂ ತಗೋ. ನೂಲು ಈಗ ಅಗ್ಗ ಐತೆ. ಹತ್ತು ದಿನ ನನ್ನ ಕೈಗೆ ಕೊಡು, ಲಾಭ ಸೇರಿಸಿ ಇಪ್ಪತ್ತನೇ ತಾರೀಖಿನೊಳಗೆ ನಿನ್ನ ಕೈಗೆ ಇಡ್ತೀನಿ. ಕೊಡೋ ಮೂರ್ಖ ಸಿಕ್ಕವ್ನೆ, ತಗೊಳ್ಳೋ ಮೂರ್ಖರು ನಾವಾಗೋದು ಬ್ಯಾಡ."

ನಿಖಾತ್ ಆಗಲ್ಲ ಅಂದಳು. ಕರೀಮುನ್ನೀಸಾ ಊಟ ಬಿಟ್ಟಳು. ಎರಡು ದಿನ ತಟ್ಟೆ ಸರಿಸಿ, ನಿಟ್ಟುಸಿರು ಬಿಟ್ಟು, ಗೋಡೆ ಕಡೆ ತಿರುಗಿ ಮಲಗಿದಳು. ಮಗಳು ಕೆಲಸಕ್ಕೆ ಹೋದ ಮೇಲೆ ಎದ್ದು ಖೀಮಾ ಪರೋಟ ಮಾಡಿಕೊಂಡು ತಿನ್ನುತ್ತಿದ್ದಳು, ಅದು ಬೇರೆ ಮಾತು. ಮೂರನೇ ದಿನ "ಹೆತ್ತ ತಾಯಿನ ನಂಬದವಳು ಫೋನ್‌ನ ನಂಬ್ತೀಯ" ಎಂಬ ಬಾಣ ಬಿಟ್ಟಳು. ಮಗಳು ಅಲ್ಲಿಗೆ ಸೋತಳು.

ಸೋತರೂ ಲೆಕ್ಕ ಬಿಡಲಿಲ್ಲ. ಲ್ಯಾಬಿನೊಳಗೆ ಮೊಬೈಲ್ ಬಿಡುವುದಿಲ್ಲ, ಗೇಟಿನಲ್ಲೇ ಇಟ್ಟು ಹೋಗಬೇಕು. ಹಾಗಾಗಿ ಎಚ್ಚರಿಕೆಯ ಮೆಸೇಜು, ಫೋನು ಎಲ್ಲ ಅಮ್ಮನ ನಂಬರಿಗೂ ಬರುವ ಹಾಗೆ ಮಾಡಿದಳು. ಆ ಹನ್ನೆರಡು ಲಕ್ಷದ ಹೊರತು ಇನ್ನೊಂದು ಲಕ್ಷದ ಕಾಯಿನ್ ಬೇರೆ ಕಡೆ ಎತ್ತಿಟ್ಟಿದ್ದಳು, ಅಪಾಯ ಬಂದರೆ ಅಡಕ್ಕೆ ಸೇರಿಸಲು. ಕಾರ್ಖಾನೆ ಗೇಟಿನ ನಂಬರನ್ನು ದಪ್ಪ ಅಕ್ಷರದಲ್ಲಿ ಬರೆದು ಅಮ್ಮನ ಕೈಗೆ ಕೊಟ್ಟಳು. "ಮೆಸೇಜ್‌ನಾಗೆ ಎಂಬತ್ತು ಅಂತ ಬಂದ್ರೆ ಈ ನಂಬರಿಗೆ ಫೋನ್ ಮಾಡು ಅಮ್ಮೀ. ಬೇರೇನೂ ಮಾಡಬ್ಯಾಡ. ಎರಡು ನಿಮಿಷದ ಕೆಲಸ, ನಾನು ಹೊರಗೆ ಬಂದು ಸೇರಿಸ್ತೀನಿ."

"ಇಪ್ಪತ್ತು ವರ್ಷದಿಂದ ಅಡದ ವ್ಯಾಪಾರ ಮಾಡಿರೋಳು ನಾನು. ನಂಗೆ ಹೇಳಿಕೊಡು ನೀನು," ಎಂದು ಕರೀಮುನ್ನೀಸಾ ಚೀಟಿಯನ್ನು ಕುಪ್ಪಸಕ್ಕೆ ಸಿಕ್ಕಿಸಿಕೊಂಡಳು.

ಒಂಬತ್ತು ಲಕ್ಷವೂ ಬಂತು, ಒಂಬತ್ತು ಲಕ್ಷವೂ ನೂಲಾಯಿತು. ಎರಡು ಕ್ವಿಂಟಾಲ್ ನೂಲು ಒಳಕೋಣೆಯಲ್ಲಿ ಸೂರಿನವರೆಗೆ ಏರಿ ಕೂತಿತು.

ಹದಿನೆಂಟನೇ ತಾರೀಖು, ಬೆಳಿಗ್ಗೆ ಹತ್ತೂವರೆಗೆ ಮೊದಲ ಮೆಸೇಜು ಬಂತು. ಇಂಗ್ಲಿಷ್ ಓದಲು ಬಾರದಿದ್ದರೂ ಅಂಕಿ ಓದಲು ಕರೀಮುನ್ನೀಸಾಳಿಗೆ ಯಾರ ಹಂಗೂ ಬೇಕಿರಲಿಲ್ಲ. ಎಪ್ಪತ್ತೆಂಟು. ಹನ್ನೊಂದಕ್ಕೆ ಎಂಬತ್ತು. ಚೀಟಿ ತೆಗೆದಳು, ನಂಬರ್ ನೋಡಿದಳು. ಒಂದು ಕ್ಷಣ, ನ್ಯಾಯವಾಗಿ ಹೇಳಬೇಕೆಂದರೆ, ಬೆರಳು ಫೋನಿನ ಮೇಲೆ ಹೋಯಿತು.

ಅಷ್ಟರಲ್ಲಿ ಫೋನೇ ಹೊಡೆದುಕೊಂಡಿತು. ಎತ್ತಿದರೆ ಒಬ್ಬ ಹೆಂಗಸು, ಇಂಗ್ಲಿಷಿನಲ್ಲಿ, ಬೆಣ್ಣೆಯಂಥ ದನಿಯಲ್ಲಿ ಏನೇನೋ ಹೇಳುತ್ತಿದ್ದಾಳೆ. ಯಂತ್ರದ ದನಿ ಅದು, ಯಾರ ಮಾತಿಗೂ ನಿಲ್ಲುವಂಥದ್ದಲ್ಲ. ಅದು ಈಕೆಗೆ ಹೇಗೆ ಗೊತ್ತಾಗಬೇಕು? ಸಾಲ ಕೊಟ್ಟವರು ಇಷ್ಟು ನಯವಾಗಿ ಮಾತಾಡುವುದು ಯಾವಾಗ ಎಂಬುದು ಮಾತ್ರ ಆಕೆಗೆ ಚೆನ್ನಾಗಿ ಗೊತ್ತಿತ್ತು. ತಾನೂ ಅತಿಯಾಳ ಬಾಗಿಲಲ್ಲಿ ನಿಂತು ಎಂಟು ತಿಂಗಳು ಇಷ್ಟೇ ನಯವಾಗಿ ಮಾತಾಡಿದ್ದಳಲ್ಲ! ಅಯ್ಯೋ ಪಾಪ, ಇವಳಿಗೂ ಬಂತು ನನ್ನ ಗತಿ ಎಂದುಕೊಂಡು ಕರೀಮುನ್ನೀಸಾ ಒಳಗೊಳಗೇ ಕುಣಿದಳು.

"ನಿಖಾತ್ ಮಾಗಡಿಗೆ ಹೋಗವ್ಳೆ ಕಣಮ್ಮ," ಎಂದಳು ಫೋನಿಗೆ. "ಬಂದ್ಮೇಲೆ ಹೇಳ್ತೀನಿ."

ದನಿ ನಿಲ್ಲಲಿಲ್ಲ.

"ಮಾಗಡಿಗೆ ಅಂದ್ನಲ್ಲ! ಎಂಟು ದಿನ ಆಗ್ತದೆ. ಅವಸರ ಇದ್ರೆ ಮನೆಗೇ ಬನ್ನಿ, ಟೀ ಕುಡ್ಕೊಂಡ್ ಮಾತಾಡಣ."

ದನಿ ಎರಡನೇ ಸಲ ಅದನ್ನೇ ಮೊದಲಿನಿಂದ ಹೇಳಿತು. ಎಷ್ಟು ಗಾಬರಿಯಾಗಿದ್ದಾಳೆ ನೋಡು, ಹೇಳಿದ್ದನ್ನೇ ಹೇಳುತ್ತಿದ್ದಾಳೆ ಎಂದು ಕರೀಮುನ್ನೀಸಾ ಫೋನ್ ಇಟ್ಟಳು.

ಮೆಟ್ಟಿಲ ಮೇಲೆ ಸಾಬೀರ್ ಕೂತಿದ್ದ. ಹೊಸದಾಗಿ ಐದು ಕೆಜಿ ನೂಲು ತಂದು ಬಿಸಿಲಿಗೆ ಹಾಕಿ, ಅದು ಆರಲಿ ಅಂತ ಕಾಯುತ್ತಿದ್ದ. ನಡೆದದ್ದನ್ನೆಲ್ಲ ಕೇಳಿಸಿಕೊಂಡಿದ್ದ. ಕರೀಮುನ್ನೀಸಾಳಿಗೆ ಹೆಮ್ಮೆ ತಡೆಯಲಾಗಲಿಲ್ಲ. ನೂರಕ್ಕೆ ಎಪ್ಪತ್ತೈದು ಕೊಟ್ಟ ಮೂರ್ಖನ ಕಥೆಯನ್ನು ಅವನಿಗೆ ಹೇಳಿದಳು. "ನಿನ್ನ ಆಟನೇ ಆಡ್ತಿದೀನಿ ನೋಡಪ್ಪಾ. ಈಗ ನಾನು ಕೂತ್ಕೊಳ್ಳೋಳು, ಅವನು ಓಡೋನು."

ಸಾಬೀರ್ ನಗಲಿಲ್ಲ. ಊರಿನಲ್ಲಿ ಸಾಲ ತಪ್ಪಿಸಿಕೊಳ್ಳುವುದರಲ್ಲಿ ಅವನಷ್ಟು ಪಳಗಿದವರು ಇನ್ನೊಬ್ಬರಿರಲಿಲ್ಲ. "ಖಾಲಾ, ಅವ್ನ ಮನೆ ಎಲ್ಲೈತೆ?"

"ಮನೆ ಎಲ್ಲಿ ಬಂತು, ಫೋನಿನಾಗೆ ಅವ್ನೆ."

"ಹಂಗಾದ್ರೆ ಓಡಿ ಬರೋನು ಯಾರು? ನಾನು ಮಾಗಡಿಗೆ ಹೋದಾಗ ನೀವು ಯಾಕೆ ಮಾಲು ಮಾರಲಿಲ್ಲ? ಓಣಿಯೋರು ಏನಂದ್ಕೊಂಡಾರು ಅಂತ ನಾಚಿಕೆ ಇತ್ತು ನಿಮಗೆ. ಅದನ್ನ ನಂಬ್ಕೊಂಡೇ ನಾನು ಬದುಕಿದ್ದು. ಫೋನಿಗೆ ನಾಚಿಕೆ ಐತಾ ಖಾಲಾ? ಮೊದ್ಲು ಮಗಳಿಗೆ ಫೋನ್ ಮಾಡಿ."

ಕರೀಮುನ್ನೀಸಾಳ ಮುಖ ಕೆಂಪಾಯಿತು. ಎಂಟು ತಿಂಗಳು ತನ್ನ ಚಪ್ಪಲಿ ಸವೆಸಿದವನು ಈಗ ತನಗೇ ಬುದ್ಧಿ ಹೇಳುವುದೇ! "ನಿನ್ನ ನೂಲು ಇನ್ನೂ ಹಸಿ ಐತೆ, ಸುಮ್ನೆ ಕೂತ್ಕೋ," ಎಂದಳು. ಫೋನ್ ಮತ್ತೆ ಹೊಡೆದುಕೊಂಡಿತು. ಅಂಕಿ ಎಂಬತ್ತೊಂದೂವರೆ. ಆಕೆ ಸಾಬೀರ್‌ನ ಮುಖ ನೋಡುತ್ತಲೇ ಫೋನನ್ನು ಆಫ್ ಮಾಡಿದಳು, ಅಕ್ಕಿ ಡಬ್ಬದೊಳಗೆ ಹಾಕಿ ಮುಚ್ಚಳ ಒತ್ತಿದಳು. ಅದಕ್ಕೆ ಬೇರೆ ಕಾರಣವೇ ಇರಲಿಲ್ಲ, ಅವನ ಮುಂದೆ ಸೋಲಬಾರದು ಎಂಬ ಹಟ ಒಂದೇ.

ಎರಡೂವರೆಗೆ ಊಟ ಮುಗಿಸಿ, ನಮಾಜು ಮುಗಿಸಿ, ಡಬ್ಬದಿಂದ ಫೋನ್ ತೆಗೆದಳು. ಹೊಸದೊಂದು ಮೆಸೇಜು. ಸಾಲ ಎಷ್ಟು ಎಂಬ ಜಾಗವನ್ನು ಮಗಳು ತೋರಿಸಿಕೊಟ್ಟಿದ್ದಳು. ಬೆಳಿಗ್ಗೆ ಅಲ್ಲಿ ಒಂಬತ್ತು ಲಕ್ಷ ಇತ್ತು. ಈಗ ಅಲ್ಲಿ ಸೊನ್ನೆ.

ಕರೀಮುನ್ನೀಸಾ ಕನ್ನಡಕ ಒರೆಸಿಕೊಂಡು ನೋಡಿದಳು. ಸೊನ್ನೆಯೇ. ಇನ್ನೊಂದು ಸಲ ಒರೆಸಿದಳು. ಸೊನ್ನೆ! ತಾನು ಸಾಬೀರ್‌ಗೆ ಬಡ್ಡಿ ಬಿಟ್ಟಿದ್ದಳು. ಈ ಪುಣ್ಯಾತ್ಮ ಅಸಲನ್ನೇ ಬಿಟ್ಟಿದ್ದಾನೆ! ಮೂರು ಗಂಟೆ ಫೋನ್ ಎತ್ತದೆ ಇದ್ದುದಕ್ಕೆ ಒಂಬತ್ತು ಲಕ್ಷ! ಎರಡು ಕೆಜಿ ಜಿಲೇಬಿ ತರಿಸಿದಳು. ಓಣಿಯ ಅಷ್ಟೂ ಮನೆಗೆ ಹಂಚಿದಳು. ಅತಿಯಾಳ ಮನೆಗೆ ತಾನೇ ಹೋಗಿ ನಾಲ್ಕು ಹೆಚ್ಚು ಕೊಟ್ಟು, "ನಿನ್ ಗಂಡನಿಗೆ ಹೇಳು, ಸಾಲ ಹೆಂಗೆ ತೀರಿಸ್ಬೇಕು ಅಂತ ನನ್ನ ಕೇಳ್ಕೊಳ್ಳಲಿ" ಎಂದು ಬಂದಳು.

ಸಂಜೆ ಆರಕ್ಕೆ ನಿಖಾತ್ ಬಂದಳು. ಗೇಟಿನಲ್ಲಿ ಮೊಬೈಲ್ ಕೈಗೆ ಬಂದಾಗಲೇ ಅವಳಿಗೆ ಎಲ್ಲ ಗೊತ್ತಾಗಿತ್ತು. ಬಸ್ಸಿನಲ್ಲಿ ಅಷ್ಟು ದೂರ ನಿಂತೇ ಬಂದಿದ್ದಳು. ಕರೀಮುನ್ನೀಸಾ ಅವಳ ಬಾಯಿಗೆ ಜಿಲೇಬಿ ಹಿಡಿದಳು.

"ಯಾಕೆ ಫೋನ್ ಮಾಡಲಿಲ್ಲ ಅಮ್ಮೀ?"

"ಯಾಕೆ ಮಾಡ್ಬೇಕು? ನೋಡು, ಸಾಲ ಸೊನ್ನೆ!"

"ಸಾಲ ಸೊನ್ನೆ. ಅದರ ಕೆಳಗಿನ ಲೈನೂ ನೋಡು. ಅಡನೂ ಸೊನ್ನೆ. ಹನ್ನೆರಡು ಗಂಟೆ ಹತ್ತು ನಿಮಿಷಕ್ಕೆ ಎಲ್ಲಾ ಮಾರಿಬುಟ್ಟೈತೆ."

ಜಿಲೇಬಿಯ ಪಾಕ ಕರೀಮುನ್ನೀಸಾಳ ಮೊಣಕೈವರೆಗೆ ಇಳಿಯಿತು. ನಿಖಾತ್ ನಿಂತೇ ಲೆಕ್ಕ ಹೇಳಿದಳು. ಕಿರುಚಲಿಲ್ಲ. ಕಿರುಚಿದ್ದರೆ ಚೆನ್ನಾಗಿತ್ತು, ಜಗಳವಾದರೆ ಕರೀಮುನ್ನೀಸಾ ಗೆಲ್ಲುತ್ತಿದ್ದಳು. ಸಾಲ, ದಂಡ ಹಿಡಿದುಕೊಂಡು ಉಳಿದದ್ದು ಒಂದು ಲಕ್ಷ ನಲವತ್ತು ಸಾವಿರದ ಹತ್ತಿರ. ಮಾರಾಟವಾಗಿರುವುದರಿಂದ ಸರ್ಕಾರಕ್ಕೆ ತೆರಿಗೆ ಎರಡು ಲಕ್ಷದ ಮೇಲೆ. ಎತ್ತಿಟ್ಟ ಒಂದು ಲಕ್ಷವೂ ಅದಕ್ಕೇ ಹೋಗಬೇಕು. ಆರು ವರ್ಷದ ಸಂಬಳದ ಲೆಕ್ಕ ಮೂರೇ ಮಾತಿಗೆ ಮುಗಿಯಿತು. ನಾಲ್ಕು ಗಂಟೆಗೆ ಕಾಯಿನ್ ಬೆಲೆ ಮತ್ತೆ ಮೇಲೆ ಹತ್ತಿತ್ತು, ಅದನ್ನೂ ಹೇಳಿದಳು.

"ಮೋಸ! ಪೊಲೀಸ್ ಕಂಪ್ಲೇಂಟ್ ಕೊಡಣ," ಎಂದಳು ಕರೀಮುನ್ನೀಸಾ.

"ಏನಂತ ಕೊಡ್ತೀಯ? ಹೇಳಿದ್ದನ್ನೇ ಮಾಡ್ತು ಅಂತಲಾ?" ನಿಖಾತ್ ಒಳಕೋಣೆಯ ಕಡೆ ನೋಡಿದಳು. "ಈಗ ನನ್ನ ದುಡ್ಡು ಅಂತ ಇರೋದು ಆ ನೂಲು ಒಂದೇ. ನಾಳೆ ಬೆಳಿಗ್ಗೆ ಮಾರು. ನಾಡಿದ್ದು ಅಮೀರ್ ಸಾಬ್‌ಗೆ ನಾಲ್ಕು ಲಕ್ಷ ಕೊಡ್ಬೇಕು."

"ನಾಳೆನಾ? ನೂಲಿನ ಬೆಲೆ ಇನ್ನೂ ಇಳಿದೈತೆ ಕಣೇ! ಇಳಿದ ಬೆಲೆಗೆ ಮಾರೋಕೆ ನನಗೇನು ತಲೆ ಕೆಟ್ಟೈತಾ? ಒಸಿ ತಾಳು. ಎಂಟು ದಿನ."

"ಎಂಟು ದಿನಕ್ಕೆ ಲೇತ್ ಇರಲ್ಲ ಅಮ್ಮೀ. ಅಲ್ಲಿ ಕಾರು ನಿಂತಿರ್ತವೆ."

ಮಗಳ ದನಿ ಅಲ್ಲಿ ಒಡೆಯಿತು. ಕರೀಮುನ್ನೀಸಾಳಿಗೆ ಸಂಕಟವಾಯಿತು. ನಿಜವಾದ ಸಂಕಟ, ಅದರಲ್ಲಿ ನಾಟಕವಿರಲಿಲ್ಲ. ಮಗಳನ್ನು ಹೇಗಾದರೂ ಎತ್ತಬೇಕು ಅನ್ನಿಸಿತು. ನೂಲನ್ನೂ ಬಿದ್ದ ಬೆಲೆಗೆ ಕೊಡಬಾರದು, ಮಗಳ ಕೆಲಸವೂ ಆಗಬೇಕು. ದಾರಿ ಹೊಳೆದೇಬಿಟ್ಟಿತು.

"ಅಳಬ್ಯಾಡ. ನನ್ನ ಪೆಟ್ಟಿಗೇಲಿ ನಾಲ್ಕು ಲಕ್ಷ ಐತೆ. ಅದು ಬೇರೆ ವ್ಯವಹಾರದ ದುಡ್ಡು. ಅದನ್ನ ತಗೊಂಡ್ ಹೋಗು. ನೂಲು ಏರಿದ್ಮೇಲೆ ಲೆಕ್ಕ ಮಾಡಣ. ತಿಂಗಳಿಗೆ ಎರಡು ಪರ್ಸೆಂಟ್..." ಎಂದವಳು ಮಗಳ ಮುಖ ನೋಡಿ ಕೂಡಲೇ ತಿದ್ದಿಕೊಂಡಳು. "ಅದು ಬೇರೆಯೋರಿಗೆ. ನಿಂಗೆ ಒಂದೂವರೆ."

ಬಾಯಿಂದ ಹೊರಬಿದ್ದ ಮೇಲೆ ಆ ಮಾತು ಆಕೆಗೇ ಕೇಳಿಸಿತು. ಮಗಳ ಒಂಬತ್ತು ಲಕ್ಷವನ್ನು ಒಳಕೋಣೆಯಲ್ಲಿ ಪೇರಿಸಿಟ್ಟುಕೊಂಡು, ಮಗಳಿಗೇ ನಾಲ್ಕು ಲಕ್ಷ ಬಡ್ಡಿಗೆ! ಇಪ್ಪತ್ತು ವರ್ಷದ ನಾಲಿಗೆ, ಮನಸ್ಸನ್ನು ಕೇಳದೆ ತಾನಾಗಿ ಹೊರಳಿತ್ತು.

ನಿಖಾತ್ ಕಣ್ಣೊರೆಸಿಕೊಂಡಳು. "ಅಡ ಏನಿಡ್ಲಿ?" ಎಂದಳು.

"ಥೂ, ಏನ್ ಮಾತಾಡ್ತೀಯ! ಮಗಳ ಹತ್ರ ಅಡ ಕೇಳ್ತೀನಾ?" ಎಂದಳು ಕರೀಮುನ್ನೀಸಾ. ಹಾಗೆ ಅನ್ನುವಾಗಲೇ ಆಕೆಯ ಕಣ್ಣು ಮಗಳ ಕಿವಿಯ ಓಲೆಗಳ ಮೇಲೆ ಹೋಗಿ ಬಂತು. ಅರೆ ಕ್ಷಣ, ಅಷ್ಟೇ. ಅಷ್ಟರಲ್ಲೇ ಆರು ಗ್ರಾಮ್ ಎಂದು ತೂಗಿಯೂ ಆಗಿತ್ತು.

ನಿಖಾತ್ ಅದನ್ನು ನೋಡಿಬಿಟ್ಟಳು.

ಅವಳು ಎರಡೂ ಓಲೆ ಬಿಚ್ಚಿ ನೂಲು ತೂಗುವ ತಕ್ಕಡಿಯ ತಟ್ಟೆಗೆ ಹಾಕಿದಳು. "ಬ್ಯಾಡ ಕಣೇ, ಬ್ಯಾಡ ಬೇಟಿ, ನಿನ್ನ ದಮ್ಮಯ್ಯ ಅಂತೀನಿ" ಎನ್ನುತ್ತಾ ಕರೀಮುನ್ನೀಸಾ ಪೆಟ್ಟಿಗೆ ತೆಗೆದು ನಾಲ್ಕು ಲಕ್ಷವನ್ನು ಮಗಳ ಮಡಿಲಿಗೆ ಸುರಿದಳು. ಬಡ್ಡಿ ಬೇಡ, ಏನೂ ಬೇಡ, ನಾಳೆ ಬೆಳಿಗ್ಗೆಯೇ ಅಷ್ಟೂ ನೂಲನ್ನು ಮಾರುತ್ತೇನೆ, ಎಷ್ಟಕ್ಕೆ ಹೋದರೂ ಸರಿ ಎಂದು ಅಳುತ್ತಾ ಆಣೆ ಮಾಡಿದಳು. ಈ ಸಲ ಅಷ್ಟನ್ನೂ ಉರ್ದುವಿನಲ್ಲೇ ಹೇಳಿದಳು. ನಿಖಾತ್ ನೋಟುಗಳನ್ನು ಆಕೆಯ ಎದುರಿಗೇ ಎರಡು ಸಲ ಎಣಿಸಿಕೊಂಡಳು, ಬ್ಯಾಗಿಗೆ ಹಾಕಿಕೊಂಡಳು, ದುಪಟ್ಟಾ ತಲೆಗೆ ಎಳೆದುಕೊಂಡಳು.

"ಎಲ್ಲಿಗೆ ಹೊಂಟೆ ಈ ಹೊತ್ನಾಗೆ?"

"ಚನ್ನಪಟ್ಟಣಕ್ಕೆ. ಅಮೀರ್ ಸಾಬರ ಮನೇಲೇ ಉಳ್ಕೊಳ್ತೀನಿ. ನಾಳೆನೇ ಬರೆಸ್ಕೊಂಡು ಮೊದಲ್ನೇ ಲೇತ್ ತಿರುಗಿಸ್ತೀನಿ."

"ಓಲೆ ಹಾಕ್ಕೊಂಡ್ ಹೋಗೇ!"

"ಇರ್ಲಿ ಅಮ್ಮೀ," ಎಂದಳು ನಿಖಾತ್, ಚಪ್ಪಲಿ ಮೆಟ್ಟುತ್ತಾ. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಹೆದರಿಕೆಯಾಗುವಂತಿತ್ತು. "ನಿಂಗೆ ನಿದ್ದೆ ಬರ್ಬೇಕಲ್ಲ."

ಅವಳು ಮೆಟ್ಟಿಲಿಳಿದು ಹೋದಳು. ತಕ್ಕಡಿ ಓಲೆಯಿದ್ದ ತಟ್ಟೆಯ ಕಡೆಗೆ ಒಂದಿಷ್ಟು ವಾಲಿ ನಿಂತಿತ್ತು. ಕರೀಮುನ್ನೀಸಾ ಓಲೆಗಳನ್ನು ಎತ್ತಿಕೊಂಡು ಒಳಗೆ ಹೋದಳು, ಹೊರಗೆ ಬಂದಳು, ಮತ್ತೆ ಒಳಗೆ ಹೋದಳು. ಬೀರುವಿನಲ್ಲಿಟ್ಟರೆ ಅಡವಾಗುತ್ತದೆ. ತಾನೇ ಹಾಕಿಕೊಂಡರೆ ಕಳ್ಳತನವಾಗುತ್ತದೆ. ಇಷ್ಟು ದೊಡ್ಡ ಮನೆಯಲ್ಲಿ ಮಗಳ ಓಲೆಯನ್ನು ಬರೀ ಮಗಳ ಓಲೆಯಾಗಿ ಇಡಲು ಒಂದು ಜಾಗ ಆಕೆಗೆ ಸಿಗಲಿಲ್ಲ.